ಸ್ಕಾಟ್‌ಲೆಂಡ್ಸ್‌ಪೀಪಲ್: ಫಿಟರ್ ಅಜ್ಜನ ಮನೆಯವರನ್ನು ಹುಡುಕಿಕೊಟ್ಟ ತಾಣ

ನಿಮ್ಮ ಮನೆತನದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಹಿರಿಯರೊಬ್ಬರು ಇದ್ದರೆ, ಅವರನ್ನು ಹುಡುಕಲು ಮೊದಲ ರೊಕ್ಕ ಹಾಕಬೇಕಾದ್ದು ಸ್ಕಾಟ್‌ಲೆಂಡ್ಸ್‌ಪೀಪಲ್ ಎಂಬ ತಾಣಕ್ಕೆ. ಇದನ್ನು ನಡೆಸುವುದು ಸ್ಕಾಟ್ಲೆಂಡಿನ ಸರಕಾರಿ ದಾಖಲೆ ಇಲಾಖೆ, ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್. ಹುಟ್ಟು, ಮದುವೆ, ಸಾವು, ಜನಗಣತಿ, ಉಯಿಲು, ಹಳೆಯ ಚರ್ಚುಗಳ ಪುಸ್ತಕ ಎಲ್ಲದರ ಮೂಲ ಪುಟಗಳ ಚಿತ್ರ ಇಲ್ಲಿ ಸಿಗುತ್ತದೆ. ನಾನು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಕೂತು ಇದನ್ನು ಬಳಸಿದವಳು. ಹುಬ್ಬಳ್ಳಿ, ಗದಗ, ಬೆಟಗೇರಿ ಕಡೆಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ, ರೈಲ್ವೆ ಮನೆಗಳಲ್ಲಿ ನಮ್ಮ ಮನೆಯಂಥದೇ ಕಥೆ ಇದೆ ಎಂದು ನಮ್ಮ ಕನ್ನಡ ಸಭೆಯಲ್ಲಿ ಮಾತಾಡುವಾಗ ಗೊತ್ತಾಯಿತು. ಅವರಿಗಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯ ಅಂದರೆ ನನ್ನ ಅವ್ವನ ಅಜ್ಜಿಯ ಅಪ್ಪ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು, ಆಮೇಲೆ ಫೋರ್‌ಮನ್ ಆದವರು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವರು ‘ಫಿಟರ್ ಅಜ್ಜ’. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅದೇ ಅಡ್ಡಹೆಸರು ಇಟ್ಟುಕೊಂಡ ಬೇರೆ ಶಾಖೆಯವರು ಈಗಲೂ ಇದ್ದಾರೆ, ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಚಿಗವ್ವನ ಟ್ರಂಕಿನಲ್ಲಿದ್ದ ಇಂಗ್ಲಿಷ್ ಬೈಬಲ್ಲಿನ ಮೊದಲ ಹಾಳೆಯಲ್ಲಿ ಅವರ ಕೈಬರಹದಲ್ಲಿ ಹೆಸರು, ‘ಸ್ಪ್ರಿಂಗ್‌ಬರ್ನ್’ ಎಂಬ ಊರು (ಗ್ಲಾಸ್ಗೊ ನಗರದ ಕಡೆಯದು), 1883 ಎಂಬ ವರ್ಷ ಇಷ್ಟು ಇದ್ದವು. ಕೆಳಗೆ ಮಕ್ಕಳ ಹೆಸರುಗಳು. ಅದರಲ್ಲಿ ನನ್ನ ಮುತ್ತಜ್ಜಿಯ ಹೆಸರಿನ ನಡುವೆ ಒಂದು ವಿಚಿತ್ರ ಹೆಸರು. ಅದು ಬೈಬಲ್ಲಿನ ಹೆಸರೂ ಅಲ್ಲ, ಹೆಣ್ಣುಮಕ್ಕಳಿಗೆ ಇಡುವ ಹೆಸರೂ ಅಲ್ಲ. ಅವ್ವನಿಗೂ ಚಿಗವ್ವನಿಗೂ ಅದು ಎಲ್ಲಿಂದ ಬಂತೆಂದು ತಿಳಿದಿರಲಿಲ್ಲ.

ಇದಕ್ಕೆ ಮೊದಲು ಒಂದು ದೊಡ್ಡ ಚಂದಾ ತಾಣದಲ್ಲಿ ತಿಂಗಳ ಹಣ ಕಟ್ಟಿ ನೋಡಿದ್ದೆ. ಹೆಸರು ಬೇಡ. ಅಲ್ಲಿ ಯಾರೋ ಕಟ್ಟಿದ ವಂಶವೃಕ್ಷವನ್ನು ಇನ್ಯಾರೋ ನಕಲು ಮಾಡಿರುತ್ತಾರೆ. ಅಂಥ ಒಂದು ವೃಕ್ಷದಲ್ಲಿ ನಮ್ಮ ಫಿಟರ್ ಅಜ್ಜನನ್ನು ಕೆನಡಾಕ್ಕೆ ಕಳಿಸಿ ಅಲ್ಲಿಯೇ ಮಣ್ಣು ಮಾಡಿಬಿಟ್ಟಿದ್ದರು. ಸ್ಕಾಟ್‌ಲೆಂಡ್ಸ್‌ಪೀಪಲ್‌ನಲ್ಲಿ ಬೇರೆಯವರ ವೃಕ್ಷ ಎಂಬುದೇ ಇಲ್ಲ. ರಿಜಿಸ್ಟ್ರಾರ್ ಶಾಯಿಯಲ್ಲಿ ಬರೆದ ಪುಟ ನಿಮ್ಮ ಮುಂದೆ ಬರುತ್ತದೆ, ಓದಿ ತೀರ್ಮಾನ ಮಾಡುವ ಕೆಲಸ ನಿಮ್ಮದು. ನನಗೆ ಈ ರೀತಿ ಬಹಳ ಹಿಡಿಸಿತು.

ಲೆಕ್ಕ ಹೀಗಿದೆ. ಖಾತೆ ತೆರೆಯುವುದು ಉಚಿತ, ಸೂಚಿಯಲ್ಲಿ ಹುಡುಕುವುದೂ ಉಚಿತ. ಪುಟದ ಚಿತ್ರ ನೋಡಲು ಕ್ರೆಡಿಟ್ ಬೇಕು. ನಾನು ಕೊಂಡಾಗ 30 ಕ್ರೆಡಿಟ್‌ಗೆ 7.50 ಪೌಂಡ್ ಇತ್ತು. ಒಂದು ಹುಟ್ಟಿನ, ಮದುವೆಯ ಅಥವಾ ಸಾವಿನ ಪುಟಕ್ಕೆ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್. ಜನಗಣತಿಯ ಪುಟಕ್ಕೂ ಅಷ್ಟೇ. ಉಯಿಲಿಗೆ 10. ಬ್ಯಾಂಕಿನವರು ವಿದೇಶಿ ವಿನಿಮಯದ ಶುಲ್ಕ ಬೇರೆ ಹಿಡಿಯುತ್ತಾರೆ. ಕೊಂಡ ಕ್ರೆಡಿಟ್ ಎರಡು ವರ್ಷ ಬಾಳುತ್ತದೆ, ಒಮ್ಮೆ ತೆರೆದ ಪುಟ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ತಿಂಗಳ ಚಂದಾದ ಕಾಟ ಇಲ್ಲದ್ದರಿಂದ ಪಿಂಚಣಿಯಲ್ಲಿ ಬದುಕುವ ನನ್ನಂಥವರಿಗೆ ಇದೇ ಅನುಕೂಲ. ಹುಬ್ಬಳ್ಳಿಯ ನನ್ನ ಸೋದರಮಾವ ಫೋನಿನಲ್ಲಿ, “ಏನವ್ವಾ, ಸತ್ತವರ ಚೀಟಿಗೆ ರೊಕ್ಕಾ ಕೊಡತೀಯೇನು?” ಅಂದರು. ಮೊದಲ ಪುಟ ಕಳಿಸಿದ ಮೇಲೆ ಅವರೇ “ಮುಂದಿಂದು ಯಾವಾಗ ತಗೀತಿ?” ಅಂತ ಕೇಳತೊಡಗಿದರು.

ಹುಡುಕುವ ಮುಂಚೆ ಸ್ಕಾಟ್ಲೆಂಡಿನ ಒಂದೆರಡು ರೂಢಿ ತಿಳಿದಿರಬೇಕು. ಅಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು ಇಡುವ ಪದ್ಧತಿ ಬಹಳ ಮನೆಗಳಲ್ಲಿತ್ತು. ಅದಕ್ಕೇ ಒಂದು ಊರಿನಲ್ಲಿ ಒಂದೇ ಹೆಸರಿನ ಅಣ್ಣತಮ್ಮಂದಿರ ಮಕ್ಕಳು ಗುಂಪುಗುಂಪಾಗಿ ಸಿಗುತ್ತಾರೆ. ನಮ್ಮ ಅಜ್ಜನ ಹೆಸರಿನವರು ಗ್ಲಾಸ್ಗೊ ಸೂಚಿಯಲ್ಲಿ ಪುಟಗಟ್ಟಲೆ ಬಂದರು. ಇನ್ನೊಂದು ರೂಢಿ, ಮಕ್ಕಳ ನಡುವಿನ ಹೆಸರಾಗಿ ತಾಯಿಯ ಅಥವಾ ಅಜ್ಜಿಯ ತವರಿನ ಅಡ್ಡಹೆಸರನ್ನು ಇಡುವುದು. ಇದನ್ನು ಓದಿದ ದಿನ ಬೈಬಲ್ಲಿನ ಆ ವಿಚಿತ್ರ ಹೆಸರು ಏನೆಂದು ಹೊಳೆಯಿತು. ಫಿಟರ್ ಅಜ್ಜ ತನ್ನ ತಾಯಿಯ ತವರಿನ ಹೆಸರನ್ನು ಹುಬ್ಬಳ್ಳಿಯಲ್ಲಿ ಹುಟ್ಟಿದ ಮಗಳಿಗೆ ಇಟ್ಟಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮನೆಯಲ್ಲಿ ಆ ಹೆಣ್ಣುಮಗಳ ಗುರುತು ಇತ್ತು.

ಆಮೇಲೆ ಕೆಲಸ ಸಲೀಸಾಯಿತು. ಈ ತಾಣದ ಹಳೆಯ ಪ್ಯಾರಿಷ್ ಪುಸ್ತಕಗಳ, ಅಂದರೆ ಊರಿನ ಚರ್ಚುಗಳಲ್ಲಿ ಬರೆದಿಟ್ಟ ಪುಸ್ತಕಗಳ ವಿಭಾಗದಲ್ಲಿ ಮದುವೆಯನ್ನು ಗಂಡಹೆಂಡತಿ ಇಬ್ಬರ ಅಡ್ಡಹೆಸರೂ ಹಾಕಿ ಹುಡುಕಬಹುದು. ಹಾಗೆ ಹುಡುಕಿದರೆ ಉಳಿದದ್ದು ಒಂದೇ ಜೋಡಿ. 1850, ಗ್ಲಾಸ್ಗೊ ಹತ್ತಿರದ ಪೇಸ್ಲಿ ಊರು. ಇದಕ್ಕೆ ಜೊತೆಯಾಗಿ ಫ್ಯಾಮಿಲಿಸರ್ಚ್ ಎಂಬ ಉಚಿತ ತಾಣವನ್ನೂ ಬಳಸಿ. 1855ರಿಂದ 1875ರವರೆಗಿನ ಸ್ಕಾಟಿಷ್ ಹುಟ್ಟುಗಳ ಸೂಚಿಯಲ್ಲಿ ಅಲ್ಲಿ ತಂದೆತಾಯಿಯ ಹೆಸರೂ ಬರುತ್ತದೆ. ಯಾವ ಮಗು ಯಾರದೆಂದು ಅಲ್ಲಿ ಖಚಿತ ಮಾಡಿಕೊಂಡು ಇಲ್ಲಿ ಬಂದು ಪುಟ ಕೊಂಡರೆ ಕ್ರೆಡಿಟ್ ವ್ಯರ್ಥವಾಗುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಕಡ್ಡಾಯ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಆ ಮೊದಲ ವರ್ಷದ ನಮೂನೆಯಲ್ಲಿ ಕೇಳಿದಷ್ಟು ವಿವರ ಮುಂದೆ ಎಂದೂ ಕೇಳಲಿಲ್ಲ. ತಂದೆತಾಯಿಯ ವಯಸ್ಸು, ಇಬ್ಬರೂ ಹುಟ್ಟಿದ ಊರು, ಮದುವೆಯಾದ ದಿನ ಮತ್ತು ಸ್ಥಳ, ಈ ಮಗುವಿಗಿಂತ ಮೊದಲು ಹುಟ್ಟಿದ ಮಕ್ಕಳೆಷ್ಟು, ಬದುಕಿದವರೆಷ್ಟು, ತೀರಿಕೊಂಡವರೆಷ್ಟು. ರಿಜಿಸ್ಟ್ರಾರರಿಗೆ ಇದು ಹೊರೆಯಾಗಿ 1856ರಲ್ಲೇ ಅಂಕಣಗಳನ್ನು ಕಡಿಮೆ ಮಾಡಿದರು. ತಂದೆತಾಯಿಯ ಮದುವೆಯ ವಿವರವನ್ನು ಮಾತ್ರ 1861ರಲ್ಲಿ ಮರಳಿ ಸೇರಿಸಿದರು. ನಿಮ್ಮ ಹಿರಿಯರು 1855ರಲ್ಲಿ ಹುಟ್ಟಿರದಿದ್ದರೂ ಅವರ ಅಣ್ಣನೋ ಅಕ್ಕನೋ ಆ ವರ್ಷ ಹುಟ್ಟಿದ್ದಾರೆಯೇ ನೋಡಿ. ಫಿಟರ್ ಅಜ್ಜ ಹುಟ್ಟಿದ್ದು 1860ರಲ್ಲಿ, ಅವರ ಅಕ್ಕ ಹುಟ್ಟಿದ್ದು 1855ರಲ್ಲಿ. ನಾನು ಕೊಟ್ಟ ದುಡ್ಡಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅಕ್ಕನ ಆ ಒಂದು ಪುಟ. ತಂದೆ ಪೇಸ್ಲಿಯವನು, 27 ವರ್ಷ, ಶಾಲು ನೇಯುವವನು. ತಾಯಿ 25 ವರ್ಷ, ಹುಟ್ಟಿದ್ದು ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ. ಹಿಂದೆ ಹುಟ್ಟಿದ ಮಕ್ಕಳು ಇಬ್ಬರು: ಗಂಡು ಒಂದು ಬದುಕಿದೆ, ಹೆಣ್ಣು ಒಂದು ತೀರಿಕೊಂಡಿದೆ.

ಹೀಗೆ ‘ಸ್ಕಾಟ್‌ಲೆಂಡಿನ ಅಜ್ಜ’ನ ತಾಯಿ ಐರ್ಲೆಂಡಿನವಳಾದಳು. 1845ರಿಂದ ಅಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಿದ್ದಾಗ ಲಕ್ಷಾಂತರ ಜನ ಊರು ಬಿಟ್ಟರು. ಅವರಲ್ಲಿ ಎಷ್ಟೋ ಜನ ಕಿರಿದಾದ ಸಮುದ್ರ ದಾಟಿ ಗ್ಲಾಸ್ಗೊ, ಪೇಸ್ಲಿಗಳಿಗೆ ಗಿರಣಿ ಕೆಲಸ ಹುಡುಕಿಕೊಂಡು ಬಂದರು. ಈ ಹುಡುಗಿಯೂ ಆ ವರ್ಷಗಳಲ್ಲೇ ಬಂದಿರಬೇಕು.

ಪೇಸ್ಲಿಯ ವಿಷಯ ತಿಳಿದಾಗ ನಾನು ಎದ್ದು ಹೋಗಿ ಬೀರು ತೆರೆದು ಸೀರೆಗಳನ್ನು ನೋಡಿದೆ. ನಾವು ಮಾವಿನಕಾಯಿ ಬುಟ್ಟಾ ಅನ್ನುತ್ತೇವಲ್ಲ, ಆ ವಿನ್ಯಾಸವನ್ನು ಜಗತ್ತೆಲ್ಲ ಈ ಊರಿನ ಹೆಸರಿನಿಂದ ಕರೆಯುತ್ತದೆ. ಕಾಶ್ಮೀರದ ಶಾಲುಗಳು ಯುರೋಪಿನಲ್ಲಿ ಶ್ರೀಮಂತರ ಹುಚ್ಚಾದಾಗ, ಪೇಸ್ಲಿಯ ನೇಕಾರರು ಅದೇ ಬುಟ್ಟಾವನ್ನು ಮಗ್ಗದಲ್ಲಿ ನೇಯ್ದು ಅಗ್ಗಕ್ಕೆ ಮಾರಿದರು. ಆ ಊರಿನ ಕೈಮಗ್ಗದ ನೇಕಾರರು ಓದು ಬಲ್ಲವರು, ಕವಿತೆ ಕಟ್ಟುವವರು, ರಾಜಕೀಯ ಚರ್ಚಿಸುವವರು ಎಂದು ಹೆಸರಾಗಿದ್ದರು. ಆದರೆ 1841ರಿಂದ 1843ರ ನಡುವೆ ವ್ಯಾಪಾರ ಬಿದ್ದು ಊರಿಗೆ ಊರೇ ದಿವಾಳಿಯಂಚಿಗೆ ಬಂತು, ಸಾವಿರಾರು ಜನ ದಾನದ ಕೂಳಿಗೆ ನಿಂತರು. 1870ರ ಸುಮಾರಿಗೆ ಶಾಲಿನ ಫ್ಯಾಷನ್ನೇ ಮುಗಿಯಿತು. ಅಜ್ಜನ ಅಪ್ಪ ಅದಕ್ಕೂ ಮೊದಲೇ ಮಗ್ಗ ಬಿಟ್ಟಿದ್ದ. 1861ರ ಜನಗಣತಿಯಲ್ಲಿ ಕುಟುಂಬ ಗ್ಲಾಸ್ಗೊದ ಉತ್ತರಕ್ಕಿರುವ ಸ್ಪ್ರಿಂಗ್‌ಬರ್ನ್‌ನಲ್ಲಿದೆ, ಅವನು ರೈಲು ಇಂಜಿನ್ ಕಾರ್ಖಾನೆಯಲ್ಲಿ ಕೂಲಿ.

ಸ್ಕಾಟ್ಲೆಂಡಿನ 1861ರ ಜನಗಣತಿಯಲ್ಲಿ ಒಂದು ಅಂಕಣವಿದೆ: ಮನೆಯಲ್ಲಿ ಕಿಟಕಿ ಇರುವ ಕೋಣೆ ಎಷ್ಟು? ನಮ್ಮವರ ಸಾಲಿನಲ್ಲಿ ‘1’ ಎಂದಿದೆ. ಗಂಡ, ಹೆಂಡತಿ, ಮೂವರು ಮಕ್ಕಳು ಮತ್ತು ಬಾಡಿಗೆಗೆ ಇಟ್ಟುಕೊಂಡ ಒಬ್ಬ ಹೊರಗಿನವನು, ಆರು ಜನ ಆ ಒಂದು ಕೋಣೆಯಲ್ಲಿ. ಮುಂಬೈಯ ಪರಳದಲ್ಲಿ, ಒಂದೊಂದೇ ಕೋಣೆಯ ಮನೆಗಳ ಚಾಳಿನಲ್ಲಿ ಬೆಳೆದ ನನ್ನ ಯಜಮಾನರು ಆ ಪುಟವನ್ನು ಬಹಳ ಹೊತ್ತು ನೋಡಿದರು. ಗ್ಲಾಸ್ಗೊ ಆಗ 1848–49ರಲ್ಲೂ 1853–54ರಲ್ಲೂ ಕಾಲರಾ ಕಂಡಿದ್ದ ಊರು. ಕ್ಯಾಟ್ರಿನ್ ಸರೋವರದ ಶುದ್ಧ ನೀರು ಕೊಳವೆಯಲ್ಲಿ ಬಂದದ್ದು 1859ರಲ್ಲಿ, ಅಂದರೆ ಫಿಟರ್ ಅಜ್ಜ ಹುಟ್ಟುವ ಹಿಂದಿನ ವರ್ಷ. 1855ಕ್ಕೂ ಮೊದಲು ಹುಟ್ಟಿದ ಆ ಹೆಣ್ಣುಕೂಸು ಉಳಿಯಲಿಲ್ಲ, ಅವರು ಉಳಿದರು. ಇದರಲ್ಲಿ ನೀರಿನ ಪಾಲೆಷ್ಟು ಎಂದು ಯಾರೂ ಹೇಳಲಾರರು, ಆದರೂ ಆ ಎರಡು ವರ್ಷಗಳನ್ನು ಪಕ್ಕಪಕ್ಕ ಬರೆದಿಟ್ಟುಕೊಂಡಿದ್ದೇನೆ.

ತಾಯಿಯ ಸಾವಿನ ಪುಟ 1874ರದ್ದು. ಸ್ಕಾಟ್ಲೆಂಡಿನ ಸಾವಿನ ದಾಖಲೆ ಬೇರೆ ಕಡೆಯದಕ್ಕಿಂತ ಹೆಚ್ಚು ಮಾತಾಡುತ್ತದೆ. ಸತ್ತವರ ತಂದೆಯ ಹೆಸರು, ಕಸುಬು, ತಾಯಿಯ ಹೆಸರು, ಆ ತಾಯಿಯ ತವರಿನ ಅಡ್ಡಹೆಸರು, ಕಾಯಿಲೆ ಏನು, ಎಷ್ಟು ಕಾಲ ಇತ್ತು, ಯಾರು ಬಂದು ವರದಿ ಕೊಟ್ಟರು, ಎಲ್ಲವೂ ಇರುತ್ತದೆ. ಮದುವೆಯಾದ ಹೆಂಗಸನ್ನು ಸಾವಿನ ಸೂಚಿಯಲ್ಲಿ ಗಂಡನ ಹೆಸರಿನಿಂದಲೂ ತವರಿನ ಹೆಸರಿನಿಂದಲೂ ಹುಡುಕಬಹುದು. ಅವಳ ಕಾಯಿಲೆ ಕ್ಷಯ, ಎರಡು ವರ್ಷ. ವರದಿ ಕೊಟ್ಟವಳು 1855ರಲ್ಲಿ ಹುಟ್ಟಿದ ಆ ಮಗಳೇ, ಆಗ ಅವಳಿಗೆ 19. ಸಹಿಯ ಜಾಗದಲ್ಲಿ ಒಂದು ಅಡ್ಡಗೀಟಿನ ಗುರುತು, ಪಕ್ಕದಲ್ಲಿ ‘ಅವಳ ಗುರುತು’ ಎಂದು ರಿಜಿಸ್ಟ್ರಾರ್ ಬರೆದಿದ್ದಾರೆ. 1871ರ ಜನಗಣತಿಯಲ್ಲಿ 11 ವರ್ಷದ ತಮ್ಮನ ಮುಂದೆ ‘ವಿದ್ಯಾರ್ಥಿ’ ಎಂದಿದೆ, ಅಕ್ಕನ ಮುಂದೆ ಗಿರಣಿ ಕೆಲಸ. ತಮ್ಮ ಓದಿ ಫಿಟರ್ ಆಗಿ ಹಡಗು ಹತ್ತಿದ್ದರ ಹಿಂದೆ ಈ ಅಕ್ಕನ ಸಂಬಳ ಇತ್ತೆಂದು ನಾನು ನಂಬಿದ್ದೇನೆ. ಅವಳ ಮುಂದಿನ ಬದುಕನ್ನೂ ಹುಡುಕುತ್ತಿದ್ದೇನೆ; ಅವಳಿಗೆ ಖರ್ಚು ಮಾಡುವ ಕ್ರೆಡಿಟ್‌ಗೆ ನನಗೆ ಬೇಸರವಿಲ್ಲ.

1881ರಲ್ಲಿ ಅಜ್ಜ 21ರ ತರುಣ, ಇಂಜಿನ್ ಫಿಟರ್. ಸ್ಪ್ರಿಂಗ್‌ಬರ್ನ್ ಆಗ ಲೋಕೋಮೋಟಿವ್ ಕಟ್ಟುವ ಊರು. ನೀಲ್ಸನ್ ಕಂಪನಿ 1860ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದಿತ್ತು, ಮುಂದೆ 1903ರಲ್ಲಿ ಮೂರು ಕಂಪನಿಗಳು ಒಂದಾಗಿ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಆಯಿತು. ಅಲ್ಲಿನ ಇಂಜಿನ್‌ಗಳು ಸಾವಿರಗಟ್ಟಲೆ ಹಿಂದೂಸ್ಥಾನಕ್ಕೆ ಬಂದವು, ಅವನ್ನು ಜೋಡಿಸಿ ರಿಪೇರಿ ಮಾಡುವ ಕೈಗಳೂ ಬಂದವು. ಇತ್ತ 1876–78ರ ಬರಗಾಲದಲ್ಲಿ ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಯಲ್ಲಿ ಜನ ಕಾಳಿಲ್ಲದೆ ಸತ್ತಿದ್ದರು. ಬರ ಬಂದರೆ ಧಾನ್ಯ ಸಾಗಿಸಲು ರೈಲು ಬೇಕೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1885ರಲ್ಲಿ ಹುಬ್ಬಳ್ಳಿಯ ವರ್ಕ್‌ಶಾಪ್. ಐರ್ಲೆಂಡಿನ ಬರದಿಂದ ಓಡಿಬಂದವಳ ಮಗ ಧಾರವಾಡದ ಬರದ ನಂತರ ಹಾಕಿದ ರೈಲಿನ ಕೆಲಸಕ್ಕೆ ಬಂದ. ಇದನ್ನು ಅರ್ಥ ಮಾಡಿಕೊಂಡ ಮೇಲೆಯೇ ಅವರ ಬದುಕು ನನಗೆ ಪೂರ್ತಿ ಕಂಡದ್ದು. ಬರಿಯ ಹೆಸರು, ತಾರೀಖು ಸಿಕ್ಕಿದ್ದರೆ ಹಾಗಾಗುತ್ತಿರಲಿಲ್ಲ.

ಸ್ಕಾಟ್‌ಲೆಂಡ್ಸ್‌ಪೀಪಲ್‌ನ ಹರವು ಇಲ್ಲಿಗೆ ನಿಲ್ಲುತ್ತದೆ. ಹಿಂದೂಸ್ಥಾನದಲ್ಲಿ ಆದ ಮದುವೆ, ದೀಕ್ಷಾಸ್ನಾನ, ಸಮಾಧಿಗಳನ್ನು ಇಲ್ಲಿ ಹುಡುಕಬೇಡಿ. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಪ್ರಾಂತ್ಯಕ್ಕೊಂದು ಸರಣಿ ಸಂಖ್ಯೆ ಇದೆ: ಬಂಗಾಳಕ್ಕೆ ಎನ್/1, ಮದ್ರಾಸಿಗೆ ಎನ್/2, ಮುಂಬೈ ಪ್ರಾಂತ್ಯಕ್ಕೆ ಎನ್/3. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾರಣ ಹುಬ್ಬಳ್ಳಿಯವರು ನೋಡಬೇಕಾದ್ದು ಎನ್/3. ಅದರ ಚಿತ್ರಗಳು ಫೈಂಡ್‌ಮೈಪಾಸ್ಟ್ ತಾಣದಲ್ಲಿವೆ. ಅದಕ್ಕೂ ಮುಂಚೆ ಫಿಬಿಸ್ ಎಂಬ ಸಂಘದ ಉಚಿತ ಸೂಚಿ ನೋಡಿಕೊಳ್ಳಿ, ಬ್ರಿಟಿಷ್ ಹಿಂದೂಸ್ಥಾನದ ಕುಟುಂಬಗಳ ಮೇಲೆಯೇ ಕೆಲಸ ಮಾಡುವವರು ಅವರು. ಮುಂಬೈಯಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ. ಆ ಕಾಲದ ಹುಬ್ಬಳ್ಳಿಯ ಸರಕಾರಿ ಕಾಗದಪತ್ರ ಬೆಂಗಳೂರಿಗಿಂತ ಹೆಚ್ಚಾಗಿ ಇಲ್ಲಿ, ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಟೌನ್ ಹಾಲಿನ ಏಷ್ಯಾಟಿಕ್ ಲೈಬ್ರರಿ. ಮುಂಬೈ ಪ್ರಾಂತ್ಯದ ಗೆಜೆಟಿಯರಿನ ಧಾರವಾಡ ಸಂಪುಟವನ್ನೂ (1884) ಓದಿ. ಅಜ್ಜ ಬಂದಿಳಿದ ಹುಬ್ಬಳ್ಳಿ ಹೇಗಿತ್ತೆಂಬ ಚಿತ್ರ ಅದರಲ್ಲಿದೆ. ಫೋರ್ಟ್‌ನಲ್ಲಿ 1819ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ಚರ್ಚ್ ಇದೆ, ಸ್ಕಾಟಿಷ್ ಜನರ ಗುಡಿ. ಚೌಪಾಟಿಯ ವಿಲ್ಸನ್ ಕಾಲೇಜಿನ ಜಾನ್ ವಿಲ್ಸನ್ ಕೂಡ ಸ್ಕಾಟಿಷ್ ಪಾದ್ರಿಯೇ. 1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆದಾಗ ಅವರು ಅದರಿಂದ ಹೊರಬಂದ ಫ್ರೀ ಚರ್ಚಿನ ಕಡೆ ನಿಂತು, ಇಲ್ಲಿ ಕಟ್ಟಿಸುತ್ತಿದ್ದ ಕಟ್ಟಡವನ್ನೇ ಬಿಟ್ಟುಕೊಡಬೇಕಾಯಿತು. ಆ ಒಡಕು ನಮ್ಮಂಥ ಹುಡುಕಾಟದವರಿಗೂ ಸಂಬಂಧಿಸಿದ್ದು: 1843ರಿಂದ 1854ರ ನಡುವೆ ಹುಟ್ಟಿದ ಮಗು ಪ್ಯಾರಿಷ್ ಪುಸ್ತಕದಲ್ಲಿ ಸಿಗದಿದ್ದರೆ, ಆ ಮನೆಯವರು ಫ್ರೀ ಚರ್ಚಿಗೆ ಹೋದವರಿರಬಹುದು. ಕಿರ್ಕ್ ಸೆಷನ್ ಅಂದರೆ ಚರ್ಚಿನ ಹಿರಿಯರ ಸಭೆಯ ಪುಸ್ತಕಗಳನ್ನು ಇದೇ ತಾಣದಲ್ಲಿ 2021ರಿಂದ ಉಚಿತವಾಗಿ ನೋಡಬಹುದು. ಪುಟಪುಟ ತಿರುವಿ ಓದುವ ತಾಳ್ಮೆ ಬೇಕು.

ಹುಬ್ಬಳ್ಳಿಯ ಮದುವೆಯ ನಮೂದು ಎನ್/3ರಲ್ಲಿ ಸಿಕ್ಕಿತು, 1887. ವರ ಫಿಟರ್, ವಧು ಬಾಸೆಲ್ ಮಿಷನ್ ಸಭೆಯ ಹುಡುಗಿ, 18 ವರ್ಷ. 1872ರ ಕ್ರೈಸ್ತ ವಿವಾಹ ಕಾಯ್ದೆಯ ನಮೂನೆಯಲ್ಲಿ ಇಬ್ಬರ ತಂದೆಯ ಹೆಸರು ಬರೆಯಲು ಅಂಕಣವಿದೆ, ತಾಯಿಯ ಹೆಸರಿಗೆ ಅಂಕಣವೇ ಇಲ್ಲ. ಈ ಒಂದು ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಿದೆ. ಗ್ಲಾಸ್ಗೊದ ಒಂದು ಕೋಣೆಯ ಮನೆಯಲ್ಲಿ ಕ್ಷಯದಿಂದ ತೀರಿಹೋದ ಬಡ ಹೆಂಗಸಿನ ತಾಯಿಯ ತವರಿನ ಹೆಸರು ಕೂಡ ನನಗೆ ಒಂದೂವರೆ ಪೌಂಡಿಗೆ ಸಿಕ್ಕಿತು. ಹುಬ್ಬಳ್ಳಿಯ ಆ ವಧು ನಮ್ಮ ಮನೆಯದೇ ಅಜ್ಜಿ, ಅವಳ ತಾಯಿ ಯಾರು, ಯಾವ ಊರಿನವಳು ಎಂದು ಆ ಪುಟ ಹೇಳುವುದಿಲ್ಲ. ಆಂಟ್ರಿಮ್‌ನ ಕೊಂಡಿಯೂ ಅಲ್ಲಿಗೇ ನಿಲ್ಲುವಂತಿದೆ; ಐರ್ಲೆಂಡಿನ 19ನೇ ಶತಮಾನದ ಜನಗಣತಿಯ ಬಹುಪಾಲು ಹಾಳಾಗಿದೆ, 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ ಇನ್ನೂ ಎಷ್ಟೋ ಹೋಯಿತು.

ತಾಣದ ಬಗ್ಗೆ ಉಳಿದ ಮಾತು ಚುಟುಕಾಗಿ. ಹಳೆಯ ಕೈಬರಹ ಓದಲು ಕಣ್ಣು ಪಳಗಬೇಕು, 1855ರ ನಂತರದ್ದು ಅಷ್ಟು ಕಷ್ಟವಿಲ್ಲ. ಮ್ಯಾಕ್ ಎಂದು ಶುರುವಾಗುವ ಹೆಸರುಗಳನ್ನು ಹತ್ತಾರು ಬಗೆಯಲ್ಲಿ ಬರೆದಿರುತ್ತಾರೆ, ಸೂಚಿಯಲ್ಲಿ ಹೆಸರಿನ ರೂಪಾಂತರ ಹುಡುಕುವ ಆಯ್ಕೆ ಒತ್ತಿಕೊಳ್ಳಿ. 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಮಡಿಗೆ ಇಳಿಸಿ ಬರೆದಿದ್ದಾರೆ, ಅದನ್ನು ನೆಚ್ಚಿ ಹುಟ್ಟಿದ ವರ್ಷ ಲೆಕ್ಕ ಹಾಕಬೇಡಿ. 100 ವರ್ಷದೊಳಗಿನ ಹುಟ್ಟು, 75 ವರ್ಷದೊಳಗಿನ ಮದುವೆ, 50 ವರ್ಷದೊಳಗಿನ ಸಾವಿನ ಪುಟಗಳನ್ನು ಆನ್‌ಲೈನ್‌ನಲ್ಲಿ ತೋರಿಸುವುದಿಲ್ಲ. ಎಲ್ಲಾ ಇಂಗ್ಲಿಷಿನಲ್ಲಿದೆ, ನಮ್ಮ ಹಿರಿಯರಿಗೆ ಮನೆಯ ಮಕ್ಕಳು ಪಕ್ಕದಲ್ಲಿ ಕೂತು ಸಹಾಯ ಮಾಡಬೇಕು. ಶುರು ಮಾಡುವವರು 30 ಕ್ರೆಡಿಟ್ ಕೊಂಡು ಮೊದಲು ಸಾವಿನ ಪುಟ, ಆಮೇಲೆ ಮದುವೆ, ಆಮೇಲೆ ಹುಟ್ಟು ಎಂದು ಹಿಂದಕ್ಕೆ ಹೋಗಿ. ಹಿರಿಯರು ತೀರಿದ್ದು ಇಲ್ಲಿ ಹಿಂದೂಸ್ಥಾನದಲ್ಲಾದರೆ ಅವರ ತಂದೆತಾಯಿಯ ಸಾವಿನ ಪುಟದಿಂದ ಶುರು ಮಾಡಿ.

ನಮ್ಮ ಹುಬ್ಬಳ್ಳಿ ಅಜ್ಜಿಗಾಗಿ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೆ ಮಳೆಗಾಲ ಕಳೆದ ಮೇಲೆ ಹೋಗಲಿದ್ದೇನೆ, ಬಾಸೆಲ್ ಮಿಷನ್ನಿನ ಹಳೆಯ ಕಾಗದಗಳು ಅಲ್ಲಿವೆ. ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಈ ಮೂರು ಸಭೆಗಳ 1860ರ, 1870ರ ದಶಕದ ದೀಕ್ಷಾಸ್ನಾನದ ಪುಸ್ತಕ ಅಥವಾ ಅದರ ನಕಲು ಯಾರ ಮನೆಯಲ್ಲಾದರೂ, ಯಾವ ಅಯ್ಯನವರ ಬಳಿಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಹುಡುಗಿ ಹುಟ್ಟಿದ್ದು 1869ರ ಆಸುಪಾಸು, ಅವಳ ಅಪ್ಪ ಮಿಷನ್ ನೇಯ್ಗೆ ಕೆಲಸದವನಿದ್ದ ಎಂದು ಚಿಗವ್ವ ಹೇಳುತ್ತಾಳೆ.